ಅಡುಗೆಮನೆಯ ಸರದಿ

"ಹುಷಾರು, ಹುಷಾರು! ಗೋಡೆ ನೋಡ್ಕೊಳ್ರಪ್ಪ, ಹೊಸ ಬಣ್ಣ!"

ಆಸ್ಪತ್ರೆಯ ಗಾಡಿಯಿಂದ ಇಳಿಸಿದ ಸ್ಟ್ರೆಚರು ಆಗಷ್ಟೇ ಮುಂಬಾಗಿಲಿನೊಳಗೆ ತಿರುಗುತ್ತಿತ್ತು. ಬಿಳಿ ಬಟ್ಟೆ ಹೊದ್ದು ಅದರ ಮೇಲೆ ಮಲಗಿದ್ದವಳು ಈ ಮನೆಯ ಯಜಮಾನಿ. ಕೂಗಿದವರು ಅವಳ ಗಂಡ. ಕಾಲಿನ ಕಡೆ ಹಿಡಿದಿದ್ದವಳು ಅವಳ ಒಡಹುಟ್ಟಿದ ತಂಗಿ. ಮಾರುಕಟ್ಟೆ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅವಳನ್ನು ಜನ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಸಾವಿನ ಮನೆಯಲ್ಲಿ ಕೇಳುವ ಮೊದಲ ಮಾತು ಬಣ್ಣದ ಮಾತಾಗಿರುತ್ತದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ಭಾವ, ಇದು ಬೀರು ಅಲ್ಲ, ನಮ್ಮಕ್ಕ," ಎಂದಳು.

ಭಾವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿದ್ದು ತಲೆಗೆ ಇಳಿಯಲಿಲ್ಲ. "ಐಸ್ ಪೆಟ್ಟಿಗೆ ಕೆಳಗೆ ಏನಾದ್ರೂ ಹಾಸಿ, ಟೈಲ್ಸ್ ಗೀಚುತ್ತೆ," ಎನ್ನುತ್ತ ಒಳಗಿನಿಂದ ಹಳೆಯ ಕಂಬಳಿ ತಂದು ತಾವೇ ಮಂಡಿಯೂರಿ ಹಾಸಿದರು, ಸುಕ್ಕು ಬಿಡಿಸಿದರು. ಅಕ್ಕನನ್ನು ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಅಲ್ಲೇ ಕುಕ್ಕರಿಸಿ ಗೊಳೋ ಎಂದು ಅತ್ತರು. ಅದೇನೂ ನಾಟಕವಲ್ಲ, ಅವರ ಭುಜ ನಿಜವಾಗಿಯೂ ಅದುರುತ್ತಿತ್ತು. ಟೈಲರಮ್ಮನಿಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ಕಲ್ಲು ಮನಸ್ಸಿನವರನ್ನು ಬೈದು ಸುಮ್ಮನಾಗಬಹುದು, ಅಳುತ್ತಲೇ ಟೈಲ್ಸ್ ಕಾಯುವವರನ್ನು ಏನು ಮಾಡುವುದು?

ಭಾವ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಆದರೂ ಬೀದಿಯವರು ಅವರನ್ನು ಇಂಜಿನಿಯರ್ ಎನ್ನುತ್ತಿದ್ದರು, ಏಕೆಂದರೆ ಅವರ ಮನೆಯಲ್ಲಿ ಯಾವಾಗಲೂ ಏನಾದರೊಂದು ಕಟ್ಟಡದ ಕೆಲಸ ನಡೆದೇ ಇರುತ್ತಿತ್ತು. ಮೊದಮೊದಲು ತಮಾಷೆಗೆ ಇಟ್ಟ ಹೆಸರದು. ಅವರು ಅದನ್ನು ಬಿರುದೆಂದು ತಿಳಿದುಕೊಂಡರು.

ಬೆಳಿಗ್ಗೆಯೆಲ್ಲ ಜನ ಬಂದರು. ಅಕ್ಕ ಬಹಳ ವರ್ಷಗಳಿಂದ ಆಫೀಸುಗಳಿಗೆ ಊಟದ ಡಬ್ಬಿ ಕಳಿಸುತ್ತಿದ್ದವಳು, ಹಾಗಾಗಿ ಅವಳ ಕೈಯ ಅನ್ನ ಉಂಡವರೇ ಬೀದಿ ತುಂಬುವಷ್ಟಿದ್ದರು. ಬ್ಯಾಂಕಿನ ಕ್ಯಾಷಿಯರ್ ಹೂವಿಟ್ಟು ಬಂದು ಭಾವನ ಪಕ್ಕ ಕುಳಿತರು.

"ಹೇಗಾಯ್ತು ಸಾರ್ ಇದು? ಮೊನ್ನೆ ಡಬ್ಬಿ ಬಂದಿತ್ತು."

"ತಲೆ ಸುತ್ತು. ಬಿ.ಪಿ. ಇತ್ತಲ್ಲ, ನಿಂತಿದ್ದ ಹಾಗೇ ಕುಸಿದುಬಿಟ್ಳು. ಅವಳ ಆಯಸ್ಸೇ ಅಷ್ಟು ಅಂತ ಕಾಣುತ್ತೆ."

ಕ್ಯಾಷಿಯರ್ ನಿಟ್ಟುಸಿರುಬಿಟ್ಟು ತಲೆಯೆತ್ತಿದರು. ಹಾಲಿನ ಚಾವಣಿಗೆ ಪಿಒಪಿಯಲ್ಲಿ ಹೂಬಳ್ಳಿ ಬಿಡಿಸಿತ್ತು, ಬಳ್ಳಿಯ ಸಂದಿಯಲ್ಲಿ ಪುಟ್ಟ ಪುಟ್ಟ ದೀಪಗಳು. "ಮನೆ ಮಾತ್ರ ಅರಮನೆ ಥರ ಇಟ್ಕೊಂಡಿದ್ದೀರಿ. ಇಂಥ ಮನೇಲಿ ಬಾಳಿ ಹೋದ್ರು, ಪುಣ್ಯವಂತೆ."

"ಈ ಹಾಲ್ ಅಂದ್ರೆ ಅವಳಿಗೆ ಪ್ರಾಣ," ಎಂದರು ಭಾವ, ಕಣ್ಣೊರೆಸಿಕೊಳ್ಳುತ್ತ.

ಟೈಲರಮ್ಮನಿಗೆ ಪಿತ್ತ ನೆತ್ತಿಗೇರಿತು. ಅಕ್ಕ ಬದುಕಿದ್ದಾಗ ಒಂದು ದಿನವೂ ಈ ಹಾಲಿನಲ್ಲಿ ಇಷ್ಟು ಹೊತ್ತು ಇದ್ದವಳಲ್ಲ. ಬಂದವರಿಗೆ ಟೀ ಕೊಡಲು ಬರುವಳು, ಖಾಲಿ ಲೋಟ ತೆಗೆದುಕೊಂಡು ಹೋಗುವಳು. ಸೋಫಾದಲ್ಲಿ ಕೂತರೆ ಸೆರಗಿನ ಎಣ್ಣೆ ಅಂಟುತ್ತದೆಂದು ಅದರ ಕೈಗೆ ಒರಗಿ ನಿಲ್ಲುವಳು. ಈಗ ಸತ್ತ ಮೇಲೆ ಮಲಗಲು ಜಾಗ ಸಿಕ್ಕಿತು, ಅದೂ ಕಂಬಳಿಯ ಮೇಲೆ.

ಅಷ್ಟರಲ್ಲಿ ಯಾರೋ ಅವಳ ಸೆರಗು ಜಗ್ಗಿದರು. ಅಕ್ಕನ ಸೊಸೆ. ತುಂಬಿದ ಬಸುರಿ, ರಾತ್ರಿಯೆಲ್ಲ ಅತ್ತು ಮುಖ ಊದಿಕೊಂಡಿತ್ತು. "ಚಿಕ್ಕತ್ತೆ, ಸ್ವಲ್ಪ ಬನ್ನಿ," ಎಂದು ಊಟದ ಕೋಣೆ ದಾಟಿಸಿ, ಓಣಿಯಂಥ ನಡುವಿನ ಜಾಗ ದಾಟಿಸಿ, ಅಡುಗೆಮನೆಯ ಹೊಸ್ತಿಲವರೆಗೆ ಕರೆದುಕೊಂಡು ಹೋದಳು. ಒಳಗೆ ಕಾಲಿಡಲಿಲ್ಲ.

ಅಡುಗೆಮನೆ ಉಳಿದ ಮನೆಗಿಂತ ಒಂದು ಮೆಟ್ಟಿಲು ತಗ್ಗಿನಲ್ಲಿತ್ತು. ಮೊದಲ ಮನೆ ಕಟ್ಟಿದಾಗ ಹಾಕಿದ ಚಪ್ಪಡಿ ಕಲ್ಲಿನ ನೆಲ ಈಗಲೂ ಅದೇ. ಪಾತ್ರೆ ತೊಳೆಯುವ ಜಾಗದ ಕೆಳಗೆ ಪೈಪು ಎಲ್ಲೋ ಒಡೆದು, ಮಣ್ಣು ಕೊಚ್ಚಿಹೋಗಿ, ಒಲೆಯ ಮುಂದಿನ ಕಲ್ಲು ಹಲ್ಲು ಸಡಿಲವಾದಂತೆ ಅಲ್ಲಾಡುತ್ತಿತ್ತು. ಅದರ ಸಂದಿಯಿಂದ ಬೇಸಿಗೆಯಲ್ಲೂ ನೀರು ಜಿನುಗುತ್ತಿತ್ತು, ಪಾಚಿ ಕಟ್ಟುತ್ತಿತ್ತು. ಅಕ್ಕ ಅದರ ಮೇಲೆ ಒಂದು ಗೋಣಿಚೀಲ ಹಾಸಿರುತ್ತಿದ್ದಳು. ಈಗ ಆ ಗೋಣಿ ಮುದುಡಿ ಮೂಲೆಯಲ್ಲಿ ಬಿದ್ದಿತ್ತು. ನೆಲದ ತುಂಬ ಒಣಗಿದ ಅನ್ನದ ಅಗುಳು.

"ತಲೆ ಸುತ್ತಿಲ್ಲ ಚಿಕ್ಕತ್ತೆ," ಎಂದಳು ಸೊಸೆ, ಪಿಸುದನಿಯಲ್ಲಿ. "ಗಂಜಿ ಬಸಿಯೋಕೆ ಅಂತ ಪಾತ್ರೆ ಎರಡೂ ಕೈಲಿ ಹಿಡ್ಕೊಂಡಿದ್ರು. ಗೋಣಿ ಜಾರ್ತು, ಕಲ್ಲು ಒಂದು ಕಡೆ ಎದ್ದುಬಿಡ್ತು. ಒಲೆಕಟ್ಟೆ ಅಂಚಿಗೆ ತಲೆ ಹೊಡೀತು. ನಾನು ಇಲ್ಲೇ ನಿಂತಿದ್ದೆ, ಕಣ್ಣಾರೆ ನೋಡ್ದೆ."

"ನಿನ್ನ ಗಂಡನಿಗೆ ಹೇಳಿದ್ಯಾ?"

"ಹೇಳ್ದೆ. ಈಗ ಅದನ್ನೆಲ್ಲ ಎತ್ತಬೇಡ, ಅಪ್ಪನಿಗೆ ನೋವಾಗುತ್ತೆ ಅಂದ್ರು."

ಅಪ್ಪನಿಗೆ ನೋವಾಗುತ್ತದಂತೆ! ಟೈಲರಮ್ಮ ಹೊಸ್ತಿಲಿನಲ್ಲೇ ಕುಳಿತುಬಿಟ್ಟಳು. ಅವಳ ಕಣ್ಣು ಅನ್ನದ ಅಗುಳಿನಿಂದ ಎದುರಿಗೆ ನಿಂತವಳ ಉಬ್ಬಿದ ಹೊಟ್ಟೆಗೆ ಹೋಯಿತು. ನಾಳೆ ಬೆಳಿಗ್ಗೆ ಈ ಮನೆಗೆ ಅನ್ನ ಬೇಯಿಸುವವರು ಯಾರು? ಪಾತ್ರೆ ಎರಡು ಕೈಯಲ್ಲಿ ಹಿಡಿದು ಈ ಕಲ್ಲಿನ ಮೇಲೆ ನಿಲ್ಲುವವರು ಯಾರು? ಇವಳೇ.

*

ಈ ಮನೆಯಲ್ಲಿ ರಿಪೇರಿಗೆ ಒಂದು ಶಾಸ್ತ್ರವಿತ್ತು. ಕೈಯಲ್ಲಿ ಒಂದಿಷ್ಟು ಕಾಸು ಕೂಡಿತೆಂದರೆ ಭಾವ ಭಾನುವಾರ ಮೇಸ್ತ್ರಿಯನ್ನು ಕರೆಸುವರು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅಳತೆ ಟೇಪು ಹಿಡಿದು ಗೇಟಿನಿಂದ ಹೊರಡುವರು.

"ಮನೆ ಕೆಲಸ ಯಾವತ್ತೂ ಮುಂದಿನಿಂದ ಹಿಂದಕ್ಕೆ," ಎನ್ನುವರು. "ಬಂದೋರು ಮೊದಲು ನೋಡೋದು ಮುಖ. ಮುಖ ನೆಟ್ಟಗಿದ್ರೆ ಉಳಿದಿದ್ದನ್ನ ಯಾರೂ ಕೇಳಲ್ಲ."

ಹಾಗೆ ಗೇಟು, ಕಾಂಪೌಂಡು, ಪೋರ್ಟಿಕೋ, ಹಾಲು, ಊಟದ ಕೋಣೆ, ಕೊನೆಗೆ ಅಡುಗೆಮನೆ ಎಂದು ಪ್ರತಿಯೊಂದಕ್ಕೂ ಇಷ್ಟಿಷ್ಟು ಎಂದು ಎತ್ತಿಡುವರು. ಅಡುಗೆಮನೆಗೂ ಇಡುತ್ತಿದ್ದರು, ಅದರಲ್ಲಿ ಮೋಸವಿಲ್ಲ. ಆದರೆ ಯಾವ ಅಂದಾಜು ತಾನೇ ಅಂದಾಜಿನಂತೆ ಮುಗಿಯುತ್ತದೆ? ಗ್ರಿಲ್ಲಿನ ಬೆಲೆ ಏರುವುದು, ಹಾಲಿನ ಟೈಲ್ಸ್ ಸಾಲದೆ ಇನ್ನೆರಡು ಪೆಟ್ಟಿಗೆ ತರಿಸುವುದು, ಬಣ್ಣ ಎರಡು ಸಲ ಬಳಿದರೂ ಹಿಡಿಯದೆ ಮೂರನೆಯ ಸಲ ಬಳಿಯಬೇಕಾಗುವುದು. ಆಗೆಲ್ಲ ಕೈ ಹಾಕಲು ಒಂದೇ ಒಂದು ಜಾಗ, ಅಡುಗೆಮನೆಯ ಪಾಲು.

ಇನ್ನೊಂದು ತೊಡಕೂ ಇತ್ತು. ಮನೆಗೆ ಹಿತ್ತಿಲ ಬಾಗಿಲಿಲ್ಲ, ಹಿಂದೆ ಪಕ್ಕದವರ ಗೋಡೆ. ಅಡುಗೆಮನೆಯ ಕಲ್ಲು ಕಿತ್ತರೆ ಆ ಮಣ್ಣು, ಜಲ್ಲಿ ಎಲ್ಲವೂ ಹಾಲಿನ ಮೇಲೆ ಹಾದು ಹೋಗಬೇಕು. ಹಾಲು ಥಳಥಳ ಎನ್ನುವಂತೆ ಮಾಡಿಸಿಕೊಂಡ ಮೇಲೆ ಅದರ ಮೇಲೆ ಕೆಸರಿನ ಬುಟ್ಟಿ ಹೊರಿಸಲು ಯಾವ ಗಂಡಸಿಗೆ ಮನಸ್ಸು ಬಂದೀತು? ಹಿಂದಿನಿಂದ ಶುರು ಮಾಡಿದ್ದರೆ ಎಲ್ಲವೂ ಸಸೂತ್ರ. ಅಷ್ಟು ಸಣ್ಣ ವಿಷಯ ಇಂಜಿನಿಯರ್ ತಲೆಗೆ ಹೊಳೆಯಲಿಲ್ಲ. ಮೇಸ್ತ್ರಿಗೆ ಹೊಳೆದಿತ್ತು, ಆದರೆ ಗೇಟಿನ ಕೆಲಸದಲ್ಲಿ ಹುಟ್ಟುವ ಕೂಲಿ ಕಲ್ಲು ಕೂರಿಸುವುದರಲ್ಲಿ ಹುಟ್ಟುವುದಿಲ್ಲ ಎಂಬುದೂ ಹೊಳೆದಿತ್ತು.

ಅಕ್ಕ ಟೀ ತಂದಿಟ್ಟು ಕೇಳುವಳು, "ಈ ಸಲ ನನ್ನ ನೆಲ ಯಾವ ಕಡೆ ಹೊರಡ್ತು?"

"ಪೋರ್ಟಿಕೋಗೆ. ಕೈಗಡ ಅಂದ್ಕೋ, ಮುಂದಿನ ಸಲ ಮೊದಲನೇ ಕೆಲಸವೇ ನಿಂದು," ಎನ್ನುವರು ಭಾವ. ಮೂಗಿಗೆ ತುಪ್ಪ ಸವರುವುದರಲ್ಲಿ ಅವರದು ಎತ್ತಿದ ಕೈ.

ಮುಂದಿನ ಸಲ ಬರುವಷ್ಟರಲ್ಲಿ ಗೇಟು ತುಕ್ಕು ಹಿಡಿದಿರುತ್ತಿತ್ತು. ಮತ್ತೆ ಗೇಟಿನಿಂದಲೇ ಆರಂಭ.

"ನಮ್ಮನೆ ರೈಲು ಹಾಗೇ ಕಣೇ," ಎಂದು ಅಕ್ಕ ತಂಗಿಯ ಹತ್ತಿರ ನಗುತ್ತಿದ್ದಳು. "ಅಡುಗೆಮನೆ ಸ್ಟೇಷನ್ ಬರೋಕೆ ಒಂದು ಸ್ಟೇಷನ್ ಮುಂಚೇನೇ ವಾಪಸ್ ತಿರುಗುತ್ತೆ."

"ದುಡ್ಡು ಯಾರದು? ಡಬ್ಬಿ ಹೊತ್ತು ನೀನು ದುಡಿದಿದ್ದು. ಗೇಟಿಗೆ ಯಾಕೆ ಕೊಡ್ತೀಯಾ?"

"ಗೇಟು ನಂದೂ ಅಲ್ವೇನೇ?"

ಆ ನಗುವಿಗೇ ಟೈಲರಮ್ಮ ಆಗ ಸಿಟ್ಟಾಗುತ್ತಿದ್ದುದು. ಮೇಲೆ ಥಳುಕು, ಒಳಗೆ ಹುಳುಕು. ಆ ಥಳುಕಿನ ಪ್ರತಿ ಚೂರೂ ಹುಳುಕಿನ ಮೇಲೆ ನಿಂತು ಅನ್ನ ಬೇಯಿಸಿದವಳ ಕೈಯಿಂದಲೇ ಬಂದದ್ದು!

*

ಹೆಣ ಸಾಗಿಸುವ ಗಾಡಿ ಬಂದು ಬೀದಿಯಲ್ಲಿ ನಿಂತಿತ್ತು. ಟೈಲರಮ್ಮ ಹೊರಗೆ ಬಂದಾಗ ಭಾವ ಗೇಟಿನ ಹತ್ತಿರ ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು. ಅಕ್ಕನ ಮಗ ಪಕ್ಕದಲ್ಲಿದ್ದ. ಮೇಸ್ತ್ರಿ ಕಣ್ಣೀರು ಒರೆಸಿಕೊಳ್ಳುತ್ತಿದ್ದ.

"ಅಮ್ಮನ ಕೈ ಅನ್ನ ಎಷ್ಟು ಸಲ ತಿಂದಿದ್ದೀನೋ ಯಜಮಾನ್ರೇ."

"ನೀನು ಮನೆಯವನೇ ಕಣಯ್ಯಾ. ಅದಕ್ಕೇ ನಿನ್ನ ಹತ್ರ ಹೇಳೋದು." ಭಾವ ಬೆರಳಿನಿಂದ ಗೇಟಿನ ಕಂಬಿ ಉಜ್ಜಿ ನೋಡಿದರು, ಕೆಂಪು ಪುಡಿ ಬಂತು. "ಇನ್ನು ತಿಂಗಳೆಲ್ಲ ಮಾತಾಡಿಸೋಕೆ ಜನ ಬರ್ತಾರೆ. ಇದನ್ನ ಹೀಗೆ ಬಿಡೋಕಾಗಲ್ಲ. ಮೊದಲು ಗೇಟು. ಆಮೇಲೆ ಹಾಲಲ್ಲಿ ಅವಳ ಫೋಟೋಗೆ ಒಂದು ಗೂಡು, ಅದಕ್ಕೊಂದು ಲೈಟು. ಹಾಗೇ ಹಿಂದಕ್ಕೆ ಹೋಗೋಣ. ಅವಳದೊಂದು ಆಸೆ ಇತ್ತು, ಅಡುಗೆಮನೆ ನೆಲ. ಈ ಸಲ ಮಾಡ್ಸಿಯೇ ತೀರ್ತೀನಿ. ಕೊನೇಲಿ."

ಟೈಲರಮ್ಮನ ಮೈಯೆಲ್ಲ ಉರಿಯಿತು. "ಭಾವ," ಎಂದಳು, "ಅಡುಗೆಮನೆ ಮೊದಲು ಮಾಡ್ಸಿ."

"ಮಾಡ್ಸೋಣ ಅಂದ್ನಲ್ಲ. ಎಲ್ಲಾದ್ರೂ ಹಿಂದಿನಿಂದ ಶುರು ಮಾಡ್ತಾರಾ? ಎಲ್ಲಕ್ಕೂ ಒಂದು ಪ್ಲಾನ್ ಅಂತ ಇರುತ್ತೆ."

"ನಿಮ್ಮ ಪ್ಲಾನೇ ನಮ್ಮಕ್ಕನ್ನ ತಿಂದಿದ್ದು. ಆ ಕಲ್ಲು ಎದ್ದು ಬಿದ್ದಿದ್ದಾಳೆ ಅವಳು."

"ತಲೆ ಸುತ್ತು ಬಂತು ಅಂತ ಎಷ್ಟು ಸಲ ಹೇಳ್ಬೇಕು!" ಭಾವನ ಧ್ವನಿ ಸೀಳಿತು. ಬೀದಿಯಲ್ಲಿ ನಿಂತವರು ತಿರುಗಿ ನೋಡಿದರು. "ಅವಳಿಗೆ ನಾನು ಏನು ಕಡಿಮೆ ಮಾಡಿದ್ದೆ? ಇಂಥ ಮನೆ ಈ ಬೀದೀಲಿ ಯಾರಿಗಿದೆ, ತೋರಿಸು!"

"ಚಿಕ್ಕಮ್ಮ, ಇವತ್ತು ಬೇಡ," ಎಂದ ಮಗ.

"ಇವತ್ತು ಬೇಡ ಅಂದ್ರೆ ನಾಳೆ ನಿನ್ನ ಹೆಂಡ್ತಿ ಅಲ್ಲಿ ಕಾಲಿಡ್ಬೇಕು ಕಣೋ. ಹೊಟ್ಟೇಲಿ ನಿನ್ನ ಕೂಸು ಇಟ್ಕೊಂಡು. ಅವಳು ನೋಡಿದ್ದನ್ನ ನಿನಗೆ ಹೇಳಿದ್ಲಲ್ಲ, ನೀನೇನು ಹೇಳ್ದೆ?"

ಮಗ ತನ್ನ ಚಪ್ಪಲಿ ನೋಡಿಕೊಂಡ. ಮೇಸ್ತ್ರಿ ತುಕ್ಕಿನ ಕಂಬಿ ನೋಡಿದ. ಗಾಡಿಯ ಡ್ರೈವರ್ ಹಾರನ್ ಬಾರಿಸಿದ. ಎಲ್ಲರಿಗೂ ಬದುಕಿದೆಯಾ ಬಡಜೀವವೇ ಎನ್ನಿಸಿರಬೇಕು, ಲಗುಬಗೆಯಿಂದ ಒಳಗೆ ನಡೆದರು.

ಅಕ್ಕನನ್ನು ಹೊತ್ತು ತಂದು ಗಾಡಿಯಲ್ಲಿಟ್ಟರು. ಟೈಲರಮ್ಮ ಅವಳ ಪಾದ ಹಿಡಿದು ಸ್ವಲ್ಪ ಹೊತ್ತು ನಿಂತಳು. ಹಿಮ್ಮಡಿ ಬಿರುಕಿನಲ್ಲಿ, ಎಷ್ಟು ತೊಳೆದರೂ ಹೋಗದಂತೆ, ಪಾಚಿಯ ಹಸಿರು ಗೆರೆ ಉಳಿದುಕೊಂಡಿತ್ತು.

"ನೀನು ಬರಲ್ವಾ?" ಎಂದು ಯಾರೋ ಕೇಳಿದರು.

"ಅವಳನ್ನ ಕಳಿಸೋಕೆ ನೀವೆಲ್ಲ ಇದ್ದೀರಲ್ಲ," ಎಂದಳು. "ನನಗೆ ಮನೇಲಿ ಕೆಲಸ ಇದೆ."

*

ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಒಮ್ಮೆ ಟೈಲರಮ್ಮ ಅವಳ ರವಿಕೆಯ ಅಳತೆಗೆಂದು ಬಂದಿದ್ದಳು. ಅಡುಗೆಮನೆಯಲ್ಲಿ ಅಕ್ಕ ಹುಡುಗಿಗೆ ನಡೆಯುವುದನ್ನು ಕಲಿಸುತ್ತಿದ್ದಳು.

"ಮೆಟ್ಟಿಲಿಳಿದ್ಮೇಲೆ ಬಲಗಾಲು ಗೋಡೆ ಪಕ್ಕ. ಎಡಗಾಲು ಇಲ್ಲಿ, ಈ ಕಲ್ಲು ಗಟ್ಟಿ. ಒಲೆ ಮುಂದೆ ನಿಲ್ಲೋವಾಗ ಬೆರಳಿನ ಮೇಲೆ ಭಾರ ಬಿಡು, ಹಿಮ್ಮಡಿ ಊರಬೇಡ. ಊರಿದ್ರೆ ಎದ್ದೇಳುತ್ತೆ."

ಹುಡುಗಿ ನಗುತ್ತ ನೆರಿಗೆಯೆತ್ತಿಕೊಂಡು ಹೆಜ್ಜೆ ಹಾಕಿದಳು. "ಅತ್ತೆ, ಇದೇನು ಡ್ಯಾನ್ಸ್ ಕ್ಲಾಸಾ?"

"ಹೌದು ಮತ್ತೆ. ಫೀಸಿಲ್ಲದ ಕ್ಲಾಸು. ಈ ಮನೆ ಗಂಡಸರಿಗೆ ಮಾತ್ರ ಬರದ ಡ್ಯಾನ್ಸು."

ಟೈಲರಮ್ಮ ನಗಲಿಲ್ಲ. "ಅಕ್ಕಾ, ಒಂದು ದಿನ ಒಲೆ ಹಚ್ಚೋದು ನಿಲ್ಲಿಸಿಬಿಡು. ತಾನಾಗಿ ದಾರಿಗೆ ಬರ್ತಾರೆ."

"ಡಬ್ಬಿ ಕಾಯೋರು ಏನು ಪಾಪ ಮಾಡಿದ್ದಾರೆ?" ಅಕ್ಕ ಕೈ ಒರೆಸಿಕೊಂಡು ಹತ್ತಿರ ಬಂದಳು. "ನೀನು ರವಿಕೆಗೆ ಮೊದಲು ಲೈನಿಂಗ್ ಹೊಲಿತೀಯೋ, ಜರಿ ಹಚ್ತೀಯೋ?"

"ಲೈನಿಂಗ್ ಇಲ್ದೆ ಜರಿ ನಿಲ್ಲುತ್ತಾ?"

"ನಿಮ್ಮ ಭಾವ ಬರೀ ಜರಿ ಹೊಲಿಯೋ ಟೈಲರು ಕಣೇ. ಏನು ಮಾಡೋದು, ಬಟ್ಟೆ ಕೊಟ್ಟಾಗಿದೆ," ಎಂದು ಅಕ್ಕ ಮತ್ತೆ ನಕ್ಕಳು. ನಗುತ್ತಲೇ ಗೋಣಿಯ ಮೇಲೆ ಕಾಲಿಡದೆ, ಕಣ್ಣು ಕೆಳಗೆ ಹಾಯಿಸದೆ, ಒಲೆಯ ಕಡೆ ತಿರುಗಿದಳು.

*

ಗಾಡಿ ತಿರುವಿನಲ್ಲಿ ಮರೆಯಾಗುತ್ತಲೇ ಟೈಲರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮನೆಯಲ್ಲಿ ಉಳಿದವರು ಸೊಸೆ ಮತ್ತು ಜೊತೆಗಿರಲು ಬಂದ ಎದುರುಮನೆಯಾಕೆ, ಇಬ್ಬರೇ.

"ನಾಡಿದ್ದು ನಾನು ನನ್ನ ಅಂಗಡಿಗೆ ಹೋಗೋಳು," ಎಂದಳು ಸೊಸೆಗೆ. "ಆಮೇಲೆ ಇಲ್ಲಿ ಮಾತು ಕೇಳೋಳು ನೀನು. ನಿನಗೆ ಬೇಡ ಅಂದ್ರೆ ಈಗಲೇ ಹೇಳು, ಸುಮ್ಮನಾಗ್ತೀನಿ."

ಸೊಸೆ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ನಂತರ, "ನಾನು ಆ ನೆಲದ ಮೇಲೆ ಕಾಲಿಡಲ್ಲ ಚಿಕ್ಕತ್ತೆ," ಎಂದಳು. "ಯಾರು ಏನಾದ್ರೂ ಅನ್ಲಿ."

"ಹಾಗಾದ್ರೆ ಹಾರೆ ಎಲ್ಲಿದೆ ಹೇಳು."

ಎದುರುಮನೆಯಾಕೆ ಮೊದಲು ಅಯ್ಯಯ್ಯೋ ಎಂದಳು, ಆಮೇಲೆ ತಾನೇ ಹೋಗಿ ತನ್ನ ಮನೆಯಿಂದ ಹಾರೆ ತಂದಳು. ಅವಳ ಮನೆಯಲ್ಲೂ ಒಂದು ಅಡುಗೆಮನೆಯಿತ್ತು.

ಹೆಚ್ಚು ಬಲ ಬೇಕಾಗಲಿಲ್ಲ. ಸಂದಿಗೆ ಹಾರೆಯ ತುದಿ ಕೊಟ್ಟು ಮೀಟಿದೊಡನೆ ಕಲ್ಲು ಎದ್ದು ನಿಂತಿತು, ಇಷ್ಟು ವರ್ಷ ಇದಕ್ಕೇ ಕಾದಿತ್ತೇನೋ ಎನ್ನುವಂತೆ. ಕೆಳಗೆ ಮಣ್ಣೇ ಇರಲಿಲ್ಲ. ಕಪ್ಪು ನೀರು ತುಂಬಿದ ಒಂದು ಗುಂಡಿ, ಅದರಲ್ಲಿ ಬಾಯಿಬಿಟ್ಟ ಪೈಪು. ನಾತ ಮುಖಕ್ಕೆ ಹೊಡೆಯಿತು. ಇಂಥ ಗುಂಡಿಯ ಮೇಲೆ ನಿಂತು ಅಕ್ಕ ಊರಿಗೆಲ್ಲ ಅನ್ನ ಹಾಕಿದ್ದಳು. ಟೈಲರಮ್ಮ ಬೆಳಿಗ್ಗೆಯಿಂದ ಅತ್ತಿರಲಿಲ್ಲ, ಈಗ ಹಾರೆ ಹಿಡಿದುಕೊಂಡೇ ಅತ್ತಳು, ಅಳುತ್ತಲೇ ಭಾವನನ್ನೂ ಮೇಸ್ತ್ರಿಯನ್ನೂ ಗೇಟನ್ನೂ ಅಕ್ಕನನ್ನೂ ಬಾಯಿಗೆ ಬಂದಂತೆ ಬೈದಳು. ಆಮೇಲೆ ಅವಳೂ ಎದುರುಮನೆಯಾಕೆಯೂ ಸೇರಿ ಕಲ್ಲನ್ನು ಗೋಡೆಗೆ ಒರಗಿಸಿದರು. ಇನ್ನು ಗೋಣಿ ಹಾಸಿ ಮುಚ್ಚುವುದು ಯಾರಿಂದಲೂ ಆಗುವ ಕೆಲಸವಾಗಿರಲಿಲ್ಲ.

"ಈಗ ಅಡುಗೆ ಎಲ್ಲಿ ಮಾಡೋದು?" ಎಂದಳು ಎದುರುಮನೆಯಾಕೆ.

"ಮುಂದೆ," ಎಂದಳು ಟೈಲರಮ್ಮ.

ಒಲೆಯನ್ನು ಅವಳು ಎತ್ತಿಕೊಂಡಳು. ಸಿಲಿಂಡರ್ ಎತ್ತಲಾಗಲಿಲ್ಲ, ಇಬ್ಬರೂ ಸೇರಿ ಮೆಟ್ಟಿಲು ಹತ್ತಿಸಿ ಎಳೆದರು. ಅದರ ಕಬ್ಬಿಣದ ಬುಡ ಓಣಿಯ ನೆಲದ ಮೇಲೆ, ಊಟದ ಕೋಣೆಯ ನೆಲದ ಮೇಲೆ, ಹಾಲಿನ ಕನ್ನಡಿಯಂಥ ಟೈಲ್ಸ್ ಮೇಲೆ ಕಿರ್ರೋ ಎಂದು ಕಿರುಚುತ್ತ ಬಂತು. ಎದುರುಮನೆಯಾಕೆ ಕಂಬಳಿ ಹಾಸೋಣವೇ ಎಂದಳು. ಬೇಡ ಎಂದಳು ಟೈಲರಮ್ಮ.

ಐಸ್ ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲೇ ಒಂದು ಮೇಜು ಎಳೆದು ಒಲೆಯಿಟ್ಟರು. ಅನ್ನದ ಪಾತ್ರೆ ಸೋಫಾದ ಮೇಲೆ ಕುಳಿತುಕೊಂಡಿತು, ಅಕ್ಕ ಎಂದೂ ಕೂರದಿದ್ದ ಜಾಗದಲ್ಲಿ. ಸೊಸೆ ಬಂದು ಎರಡೂ ಹಿಮ್ಮಡಿ ನೆಲಕ್ಕೆ ಊರಿ ನಿಂತು ಒಲೆ ಹಚ್ಚಿದಳು.

ಗಂಡಸರು ಮರಳಿದಾಗ ಟೀ ನೀರು ಕುದಿಯುತ್ತಿತ್ತು. ಹಬೆ ಎದ್ದು ಚಾವಣಿಯ ಹೂಬಳ್ಳಿಗೆ ತಗಲುತ್ತಿತ್ತು. ಮೊದಲು ಒಳಗೆ ಬಂದ ಮಗ ಹೊಸ್ತಿಲಲ್ಲೇ ನಿಂತ, ಅವನ ಹಿಂದೆ ಕ್ಯಾಷಿಯರ್, ಮೇಸ್ತ್ರಿ. ಎಲ್ಲರನ್ನೂ ಸರಿಸಿಕೊಂಡು ಭಾವ ಬಂದರು.

"ಏನಿದು? ಏನು ಮಾಡಿದ್ದೀರಿ ಇದನ್ನ?"

"ಮುಂದಿನಿಂದ ಶುರು ಮಾಡೋದು ತಾನೇ ನಿಮ್ಮ ಶಾಸ್ತ್ರ?" ಎಂದಳು ಟೈಲರಮ್ಮ. "ಅಡುಗೆಮನೆ ಮುಂದೆ ಬಂದಿದೆ ಭಾವ. ಶುರು ಮಾಡಿ."

ಭಾವ ಮಗನ ಕಡೆ ನೋಡಿದರು. ಮಗ ಹೆಂಡತಿಯ ಕಡೆ ನೋಡಿದ. ಅವಳು ಟೀ ಸೋಸುತ್ತಿದ್ದಳು, ತಲೆಯೆತ್ತಲಿಲ್ಲ. ಅವನು ನಿಧಾನವಾಗಿ ಹೋಗಿ ಅವಳ ಪಕ್ಕ ನಿಂತು, ಬಿಸಿ ಪಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಂಡ.

ಆಗ ಭಾವನ ಕಣ್ಣಿಗೆ ಗೀರು ಬಿತ್ತು. ಮೇಜಿನ ಬುಡದಿಂದ ಹೊರಟು ಟೈಲ್ಸ್ ಮೇಲೆ ಉದ್ದಕ್ಕೂ ಹೋಗಿದ್ದ ಬಿಳಿ ಗೀರು. ಅವರು ಬಗ್ಗಿ ಹೆಬ್ಬೆರಳಿನಿಂದ ಉಜ್ಜಿದರು. ಹೋಗಲಿಲ್ಲ. ಒಂದು ಹೆಜ್ಜೆ ಮುಂದೆ ಸರಿದು ಮತ್ತೆ ಉಜ್ಜಿದರು. ಹಾಗೆಯೇ ಬಗ್ಗಿಕೊಂಡು, ಉಜ್ಜುತ್ತ, ಗೀರಿನ ಜೊತೆಗೆ ಊಟದ ಕೋಣೆ ದಾಟಿದರು, ಓಣಿ ದಾಟಿದರು. ಗೀರು ಅಡುಗೆಮನೆಯ ಮೆಟ್ಟಿಲಿನ ಹತ್ತಿರ ಮುಗಿದಿತ್ತು. ಭಾವ ತಲೆಯೆತ್ತಿದರು. ಒಲೆಯಿಲ್ಲದ ಕಟ್ಟೆ, ಗೋಡೆಗೆ ಒರಗಿದ ಕಲ್ಲು, ಕೆಳಗೆ ಕಪ್ಪಗೆ ಬಾಯಿತೆರೆದ ಗುಂಡಿ. ಒಳಗೆ ಹೋಗಲೆಂದು ಅವರು ಒಂದು ಕಾಲು ಎತ್ತಿದರು. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ಗೊತ್ತಾಗದೆ, ಬಾಗಿಲಿನ ಚೌಕಟ್ಟು ಹಿಡಿದು, ಹಾಗೆಯೇ ನಿಂತರು.